ಉಳಿದ ಗವಸು

ಮನೆಯ ಮುಂದೆ ಮೂರನೇ ಸಲವೂ ಹಳೆಯ ಸ್ಪೋರ್ಟ್ಸ್ ಕಾರು ಕೆಮ್ಮಿ ಸುಮ್ಮನಾದಾಗ ಗ್ಲೆನಿಸ್ ಇಳಿದು ಬಾನೆಟ್ ಎತ್ತಿದಳು. ಬೈಯಲೂ ತ್ರಾಣವಿರಲಿಲ್ಲ. ವೇಲ್ಸಿನ ಕಡಲ ಮಂಜಿಗೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಒದ್ದೆಯಾಗಿ ಕಿಡಿ ಹಾರುತ್ತಿರಲಿಲ್ಲ. ನಲವತ್ತು ವರ್ಷ ಇದು ಅವಳ ಗಂಡ ಎಮ್ರಿಸ್‌ನ ಕೆಲಸವಾಗಿತ್ತು. ಈಗ ಅವನು ಲಕ್ವಾ ಹೊಡೆದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತಿದ್ದ.

“ಒರೆಸಿದ್ರೆ ಸಾಲದು, ಅದಕ್ಕೆ ಗ್ಲೌಸು ತೊಡಿಸ್ಬೇಕು,” ಅಂದ.

“ಗೊತ್ತು. ಇಷ್ಟು ವರ್ಷ ನನ್ನ ಗ್ಲೌಸು ಕದ್ದಿದ್ದು ಯಾರು ಅಂತಾನೂ ಗೊತ್ತು.”

ಅಡುಗೆಮನೆಯಿಂದ ಪಾತ್ರೆ ತೊಳೆಯುವ ಹಳದಿ ರಬ್ಬರ್ ಗವಸುಗಳನ್ನು ತಂದು, ಒಂದರ ಬೆರಳ ತುದಿಗಳನ್ನು ಅವಳೇ ಕತ್ತರಿಸಿದಳು. ನಾಲ್ಕು ಬೆರಳಲ್ಲಿ ಪ್ಲಗ್ಗಿನ ನಾಲ್ಕು ವೈರು, ಹೆಬ್ಬೆರಳಲ್ಲಿ ಕಾಯಿಲ್‌ನದು ತೂರಿಸಿ, ಒರೆಸಿದ ಡಿಸ್ಟ್ರಿಬ್ಯೂಟರ್ ಮುಚ್ಚಳದ ಮೇಲೆ ಮಂಜು ತಾಗದಂತೆ ಗವಸನ್ನು ಎಳೆದು ಕೂರಿಸಿದಳು. ಕೀಲಿ ತಿರುಗಿಸಿದಾಗ ಇಂಜಿನ್ ಎರಡು ಸಲ ಮುಗ್ಗರಿಸಿ ಶುರುವಾಯಿತು.

ಎಮ್ರಿಸ್ ಕಿಟಕಿಯ ಕಡೆ ಮುಖ ತಿರುಗಿಸಿದ. “ನಾನಿನ್ನು ಯಾವ ಕೆಲ್ಸಕ್ಕೂ ಬರಲ್ಲ ಬಿಡು.”

ಗ್ಲೆನಿಸ್ ಉಳಿದ ಗವಸನ್ನು ಅವನ ತೊಡೆಯ ಮೇಲೆಸೆದು ಗೇರ್ ಹಾಕಿದಳು.

“ಬಲಗೈದು ಕಾರಿಗೆ ಹೋಯ್ತು. ಇದು ಎಡಗೈದು. ಸಂಜೆ ಪಾತ್ರೆ ನಿಂದು.”