ಛತ್ರದ ಮುಂದೆ ನಿಂತ ತಮಟೆ

ಇವತ್ತು ಮೊಮ್ಮಗಳು ಶಾಲೆ ನಾಟಕಕ್ಕೆ ಬಣ್ಣ ಹಚ್ಕೊಂಡು ಬಂದು ಕೊರಳಿಗೆ ಬಿದ್ದಾಗ ಹಿಗ್ಗಿ ಹಿಗ್ಗಿ ಹೋದೆ. ಮುಖಕ್ಕೆ ಬಳಿದ ಅರ್ದಳದ ಹಳದಿ ಬಣ್ಣದ ವಾಸನೆ ಮಾತ್ರ ಹಿರಿಯೂರಿನ ಒಂದು ಮಧ್ಯಾಹ್ನಕ್ಕೆ ಎಳ್ಕೊಂಡು ಹೋಯ್ತು.

ನಮ್ಮಪ್ಪ ನಾಟಕ ಕಂಪನಿಯಲ್ಲಿ ರಾಣಿ ಪಾತ್ರ ಮಾಡ್ತಿದ್ದ. ಕಂಪನಿ ಕಟ್ಟಿ, ರಾಜನ ಪಾತ್ರ ಮಾಡ್ತಿದ್ದ ಯಜಮಾನರು ಅವತ್ತು ನಾವು ಇಳ್ಕೊಂಡಿದ್ದ ಛತ್ರದಲ್ಲಿ ಸಾಯ್ತಾ ಮಲಗಿದ್ರು. ಉಳಿದವರು ವೇಷ ಹಾಕ್ಕೊಂಡು, ಗಾಡಿ ಮೇಲೆ ಊರಿಗೆಲ್ಲ ಆಟ ಸಾರ್ತಾ ಹೊರಟಿದ್ರು. ಅಪ್ಪನ ಪಕ್ಕ ನಾನೂ ಕುಂತಿದ್ದೆ. ಸಾವಿನ ಹಾಸಿಗೆ ಇರೋ ಮನೆ ಮುಂದೆ ತಮಟೆ ಬಾರಿಸೋದು ನಮ್ಮ ಕಡೆ ಇಲ್ಲ. ಛತ್ರದ ಹತ್ರ ತಮಟೆಯವನು ತಟ್ಟನೆ ಕೈ ನಿಲ್ಲಿಸಿದ.

ಒಳಗಿಂದ ಯಜಮಾನರ ಕೀರಲು ದನಿ ಬಂತು: “ಯಾಕ್ಲೇ, ನಾನಿನ್ನೂ ಸತ್ತಿಲ್ಲ. ಬಾರ್ಸು.”

ತಮಟೆ ಮತ್ತೆ ಶುರುವಾಯ್ತು, ಜನ ಸೇರಿದ್ರು.

“ರಾಜನ ಪಾರ್ಟು ಯಜಮಾನ್ರದೇ ಐತೇನ್ರಿ?” ಅಂತ ಒಬ್ಬ ಕೇಳಿದ.

“ಅವರದೇ ಐತೆ, ಬರ್ರಿ,” ಅಂತ ಅಪ್ಪ ರಾಣಿ ಹಂಗೇ ನಕ್ಕ. ಸೆರಗಿನ ಮರೇಲಿ ನನ್ನ ಕೈಯನ್ನ ಅದೆಷ್ಟು ಬಿಗಿ ಹಿಡಿದಿದ್ದನೋ, ಅವನ ಗಾಜಿನ ಬಳೆ ಮುರಿದು ನನ್ನ ಮಣಿಕಟ್ಟಿಗೆ ಚುಚ್ಚಿತು.