ಹದದ ನೀರು

ಹಂಡೆಯ ನೀರು ಕುದಿ ಬಂದು ಹಬೆಯಾಡುತ್ತಿತ್ತು. ಅಂಗಳದ ಹಲಗೆಯ ಮೇಲೆ ಮಲಗಿಸಿದ್ದ ಹೊನ್ನೂರಮ್ಮನ ಹೆಣಕ್ಕೆ ಮೊದಲ ತಂಬಿಗೆ ನೀರು ಹಾಕಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಓಣಿಯಲ್ಲಿ ಯಾವ ಹೆಂಗಸು ಸತ್ತರೂ ಕರೆಯುವ ಮೊದಲೇ ಹೋಗಿ ಮೈ ತೊಳೆದು ಬರುತ್ತಿದ್ದವಳು ಅವಳೊಬ್ಬಳೇ. ಉಳಿದವರಿಗೆ ಆ ಕೆಲಸ ಗೊತ್ತಿರಲಿಲ್ಲ, ಧೈರ್ಯವೂ ಇರಲಿಲ್ಲ.

"ಲಗೂ ಮುಗಿಸ್ರಿ, ಹೊತ್ತು ಮುಳುಗಾಕ ಬಂತು!" ಮರೆಗೆ ಹಿಡಿದ ಸೀರೆಯಾಚೆಯಿಂದ ಓಣಿಯ ಹಿರಿಯ ದುರುಗಣ್ಣ ಗದರಿದ. ಎಲ್ಲರ ಕಣ್ಣೂ ಮಗಳು ಶಾಂತಕುಮಾರಿಯ ಮೇಲೆ ಬಿದ್ದವು. ಅವಳ ಕಾಲು ಕದಲಲಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಅವ್ವನ ಬೆನ್ನು ಹತ್ತಿ ಸಾವಿನ ಮನೆಗೆ ಹೋಗಿದ್ದಳು. ಅವ್ವ ನೀರಿಗೆ ಅಂಗೈ ಹಿಂಬದಿ ಅದ್ದಿ ಹದ ನೋಡುವುದನ್ನು ಕಂಡು, "ಸತ್ತೋರಿಗೆ ಸುಡ್ತೈತೇನಬೇ?" ಎಂದು ಕೇಳಿದ್ದಳು. ಅವ್ವ ಆ ನೀರಿಗೆ ತಣ್ಣೀರು ಬೆರೆಸಿದ್ದಳು. ಅಂದಿನಿಂದ ಶಾಂತಕುಮಾರಿ ಹೆಣದ ಹತ್ತಿರ ಸುಳಿದವಳಲ್ಲ.

"ತಡಾ ಆಗತೈತಿ, ನಾನ ಹಾಕ್ತೀನಿ," ಎಂದು ಪಕ್ಕದ ಮನೆಯ ಗಾದೆಮ್ಮ ಹಂಡೆಯಿಂದ ತಂಬಿಗೆ ತುಂಬಿ, ಕಣ್ಣು ಮುಚ್ಚಿಕೊಂಡು ಹೆಣದ ಮೇಲೆ ಎತ್ತಿದಳು.

ಶಾಂತಕುಮಾರಿ ಧಾವಿಸಿ ಅವಳ ಮಣಿಕಟ್ಟು ಹಿಡಿದಳು. ತಂಬಿಗೆಯ ನೀರಿಗೆ ಅಂಗೈ ಹಿಂಬದಿ ತಾಗಿಸಿ, ಚುರ್ರೆನ್ನಲು ಕೈ ಹಿಂದೆಗೆದಳು.

"ತಣ್ಣೀರು ತಾ ಚಿಗವ್ವಾ," ಎಂದಳು. "ಅವ್ವಗ ಸುಡ್ತೈತಿ."