ಇಪ್ಪತ್ತು ನಿಮಿಷದ ಸ್ನಾನ

“ನಿನ್ನೆ ಅಷ್ಟು ಚೆನ್ನಾಗಿ ಮಾತಾಡ್ತಿದ್ದೆ, ಇವತ್ತು ಯಾಕೆ ಮೂಕವಾಗಿ ಕೂತೆ?”

ಮಹಡಿಯ ಕೋಣೆಯಿಂದ ಕಿರಿಯ ಸೊಸೆಯ ದನಿ. ಅಲ್ಲಿ ಅವಳನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಅಭ್ಯಾಸಕ್ಕೆಂದು ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಿದ ಮೂರು ಹಳೆಯ ರೂಟರ್, ಎರಡು ಸ್ವಿಚ್, ಜಡೆ ಬಿಚ್ಚಿದಂತೆ ಹರಡಿದ ಕೇಬಲ್‌ಗಳು, ಅಷ್ಟೇ. ಕೆಳಗೆ ಅಡುಗೆಮನೆಯಲ್ಲಿ ಹಿರಿಯ ಸೊಸೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಕಿವಿಗೊಟ್ಟಳು. ತುಟಿಯಂಚಿನಲ್ಲಿ ನಕ್ಕಳು. ಮೂರನೆಯ ಕೇಬಲನ್ನು ಅರ್ಧ ಕಿತ್ತು, ನೋಡಿದವರಿಗೆ ಸರಿಯಾಗಿಯೇ ಕೂತಂತೆ ಕಾಣುವ ಹಾಗೆ ಬಿಟ್ಟು ಬಂದವಳು ಅವಳೇ.

ಓರಗಿತ್ತಿಯರಿಬ್ಬರದೂ ಒಂದೇ ಕಚೇರಿ, ಒಂದೇ ನೆಟ್‌ವರ್ಕ್ ವಿಭಾಗ. ಹಿರಿಯವಳಿಗೆ ಅಲ್ಲಿ ಒಂಬತ್ತು ವರ್ಷ, ಕಿರಿಯವಳಿಗೆ ಎರಡು. ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಗಿತ್ತು. ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಮೊದಲು ಪಾಸಾದವರಿಗೆ ಅದು. ಹಿರಿಯವಳು ಎರಡು ಸಲ ಕೂತು ಎರಡು ಸಲವೂ ಟ್ರಬಲ್‌ಶೂಟಿಂಗ್ ಭಾಗದಲ್ಲಿ ಮುಗ್ಗರಿಸಿದ್ದಳು. ಯಾರೋ ಕೆಡಿಸಿಟ್ಟ ನೆಟ್‌ವರ್ಕಿನ ದೋಷವನ್ನು, ಗಡಿಯಾರ ಓಡುತ್ತಿರುವಾಗ, ಹುಡುಕಿ ಸರಿಪಡಿಸಬೇಕಾದ ಭಾಗ ಅದು. ಅವಳು ಮತ್ತೆ ಕೂರಲು ಆರು ತಿಂಗಳು ಕಾಯಬೇಕು. ಕಿರಿಯವಳ ಪರೀಕ್ಷೆಗೆ ಆರೇ ವಾರ. ಅವಳು ಫೇಲಾದರೆ ಕುರ್ಚಿ ಕಾದಿರುತ್ತದೆ. ಪಾಸಾದರೆ, ಮನೆಯಲ್ಲಿ ತನ್ನನ್ನು ‘ಅಕ್ಕಾ’ ಎನ್ನುವವಳನ್ನು ಕಚೇರಿಯಲ್ಲಿ ‘ಮೇಡಂ’ ಎನ್ನಬೇಕು.

ಅತ್ತೆಯದು ಬೇರೆ ಗಾಯಕ್ಕೆ ಉಪ್ಪು ಸವರುವ ಕೆಲಸ. “ಚಿಕ್ಕವಳು ಮುಟ್ಟಿದ್ರೆ ಸತ್ತ ಯಂತ್ರಾನೂ ಎದ್ದು ಕೂರುತ್ತೆ ನೋಡು.”

ಒಂದು ಸಂಜೆ ಊಟಕ್ಕೆ ಕೂತಾಗ ಕಿರಿಯವಳು ಕೇಳಿದ್ದಳು. “ಅಕ್ಕಾ, ನನ್ನ ಅಭ್ಯಾಸಕ್ಕೆ ದಿನಾ ಸ್ವಲ್ಪ ಹೊತ್ತು ಜೊತೆಗಿರ್ತೀಯಾ?”

“ನಂಗೆಲ್ಲಿದೆ ಪುರುಸೊತ್ತು?” ಹಿರಿಯವಳು ತಟ್ಟೆಯಿಂದ ತಲೆ ಎತ್ತಿರಲಿಲ್ಲ.

ಮರುದಿನದಿಂದಲೇ ಶುರುವಾಯಿತು. ಬೆಳಿಗ್ಗೆ ಆರಕ್ಕೆ ಮೆಟ್ಟಿಲ ತುದಿಯಿಂದ ಕಿರಿಯವಳ ಕೂಗು: “ಅಕ್ಕಾ, ಸ್ನಾನಕ್ಕೆ ಹೋಗ್ತೀನಿ! ಇಪ್ಪತ್ತು ನಿಮಿಷ!” ಬಚ್ಚಲ ಚಿಲಕ ಬೀಳುತ್ತಿದ್ದಂತೆ ಹಿರಿಯವಳು ಬೆಕ್ಕಿನ ಹೆಜ್ಜೆಯಲ್ಲಿ ಮಹಡಿ ಏರಿದಳು. ಬಾಗಿಲಿಗೆ ಬೀಗವಿಲ್ಲ. ಪಾಸ್‌ವರ್ಡ್ ಕಂಪ್ಯೂಟರ್ ಪರದೆಯ ಅಂಚಿಗೆ ಅಂಟಿಸಿದ ಚೀಟಿಯಲ್ಲಿ. ಮುಖ್ಯಸ್ಥೆ ಆಗುವವಳ ಎಚ್ಚರ ನೋಡು, ಎಂದು ಮೂಗು ಮುರಿದಳು. ಅವಳ ಹೊತ್ತು ಹಾಳಾಗಲಿ, ಧೈರ್ಯ ಹಾಳಾಗಲಿ. ಅವಳಿಗೆ ಬೇಕಿದ್ದದ್ದು ಅಷ್ಟೇ.

ಸಡಿಲ ಕೇಬಲ್ ನಾಲ್ಕು ನಿಮಿಷಕ್ಕೆ ಸಿಕ್ಕಿಬಿತ್ತು. ಮರುದಿನ ಎರಡು ಯಂತ್ರಗಳಿಗೆ ಒಂದೇ ವಿಳಾಸ ಕೊಟ್ಟಳು, ಹನ್ನೆರಡು ನಿಮಿಷ. ಸುಲಭದ ದೋಷಗಳು ತೀರಿದವು. ಹಿರಿಯವಳು ಮೂಲೆಗೆಸೆದಿದ್ದ ಪುಸ್ತಕಗಳನ್ನು ತಂದು ಡಬ್ಬಿಗಳ ಹಿಂದೆ ಬಚ್ಚಿಟ್ಟುಕೊಂಡು ಓದತೊಡಗಿದಳು. ತನ್ನ ಪರೀಕ್ಷೆಗೂ ಅವಳು ಹಾಗೆ ಓದಿರಲಿಲ್ಲ.

ನಾಲ್ಕನೆಯ ವಾರ ಅವಳ ಕೈಗೆ ರತ್ನ ಸಿಕ್ಕಿತು. ಪಕ್ಕಪಕ್ಕದ ಎರಡು ರೂಟರ್‌ಗಳು ಹತ್ತು ಸೆಕೆಂಡಿಗೊಮ್ಮೆ ಒಂದಕ್ಕೊಂದು ‘ಹಲೋ’ ಎನ್ನುತ್ತವೆ. ಒಂದರಲ್ಲಿ ಆ ಹತ್ತನ್ನು ಹನ್ನೊಂದು ಮಾಡಿದಳು. ಒಂದೇ ಒಂದು ಸೆಕೆಂಡಿನ ವ್ಯತ್ಯಾಸ. ಕೇಬಲ್ ಸರಿ, ವಿಳಾಸ ಸರಿ, ದೀಪವೆಲ್ಲ ಹಸಿರು. ಆದರೆ ಎರಡೂ ಮಾತು ಬಿಟ್ಟವು, ಒಂದೇ ಮನೆಯ ಓರಗಿತ್ತಿಯರ ಹಾಗೆ.

ಐವತ್ತು ನಿಮಿಷ ಮಹಡಿಯಲ್ಲಿ ಸದ್ದಿಲ್ಲ. ಹಿರಿಯವಳಿಗೆ ಹಾಲು ಕುಡಿದಷ್ಟು ಸಂತೋಷ. ಆಮೇಲೆ “ಸಿಕ್ಕಿಬಿಟ್ಟೆಯಾ ಕಳ್ಳಿ!” ಎಂಬ ಕೂಗು. ಹಿರಿಯವಳು ಸೌಟು ಹಿಡಿದು ಮೆಟ್ಟಿಲತ್ತ ನೋಡುತ್ತ ನಿಂತಳು. ಬಾಣಲೆಯಲ್ಲಿದ್ದದ್ದು ಸೀದುಹೋಯಿತು.

“ಒಲೆ ಉರಿ ನಮ್ಮ ಅಡುಗೆ ಬೇಯಿಸುತ್ತೆ, ಹೊಟ್ಟೆ ಉರಿ ಪಕ್ಕದವರದ್ದು ಬೇಯಿಸುತ್ತೆ,” ಎಂದು ಅತ್ತೆ ರಾಗವಾಗಿ ಹೇಳಿಕೊಂಡರು. ಯಾರಿಗೆ ಎಂದು ಹೇಳಲಿಲ್ಲ.

ಐದನೆಯ ವಾರ ಹಿರಿಯವಳು ಜ್ವರದಿಂದ ಎರಡು ದಿನ ಮಲಗಿದಳು. ಕಿರಿಯವಳು ಮಾತ್ರೆ, ಬಿಸಿನೀರು ಹಿಡಿದು ತಾನೇ ಬಂದಳು. ಮುಖ ಬಾಡಿತ್ತು.

“ಬೇಗ ಹುಷಾರಾಗಕ್ಕ. ನೀನಿಲ್ಲದೆ ನಂಗೆ ಕೈಕಾಲೇ ಆಡ್ತಿಲ್ಲ.”

ಬಾಯಲ್ಲಿ ಬೆಲ್ಲ, ಎಂದುಕೊಂಡು ಹಿರಿಯವಳು ಗೋಡೆಗೆ ಮುಖ ತಿರುಗಿಸಿದಳು. ಮೂರನೆಯ ದಿನ ಬೆಳಿಗ್ಗೆ, ಇನ್ನೂ ತಲೆ ಸುತ್ತುತ್ತಿದ್ದರೂ, ಮೆಟ್ಟಿಲು ಹತ್ತಿದಳು.

ಪರೀಕ್ಷೆ ಆಯಿತು. ಕಿರಿಯವಳಿಗೆ ಟ್ರಬಲ್‌ಶೂಟಿಂಗ್‌ನಲ್ಲಿ ನೂರಕ್ಕೆ ನೂರು.

ಹಿರಿಯವಳು ‘ಮೇಡಂ’ ಎಂಬ ಪದವನ್ನು ಕಹಿ ಮಾತ್ರೆಯಂತೆ ನುಂಗಲು ಕಲಿತಳು. ಕುರ್ಚಿ ಸಿಕ್ಕ ಮೇಲೆ ಕಿರಿಯವಳ ಸ್ನಾನ ಐದೇ ನಿಮಿಷಕ್ಕೆ ಇಳಿದಿತ್ತು. ಮೆಟ್ಟಿಲ ಮೇಲಿನ ಕೂಗೂ ನಿಂತಿತ್ತು. ದೊಡ್ಡ ಮನುಷ್ಯರಿಗೆ ಪುರುಸೊತ್ತೆಲ್ಲಿ, ಎಂದುಕೊಂಡಳು.

ನಾಲ್ಕು ತಿಂಗಳು ಕಳೆದವು. ಪಕ್ಕದ ವಿಭಾಗದಲ್ಲೂ ಒಂದು ಕುರ್ಚಿ ಖಾಲಿಯಾಗುವ ಸುದ್ದಿ ಬಂತು. ಹಿರಿಯವಳ ಮೂರನೆಯ ಸರದಿ ಹತ್ತಿರವಾಯಿತು. ಒಂದು ಬೆಳಿಗ್ಗೆ, ಹೆಗಲಿಗೆ ಟವೆಲ್ ಹಾಕಿಕೊಂಡು ಬಚ್ಚಲಿಗೆ ಹೊರಟಿದ್ದ ಕಿರಿಯವಳನ್ನು ಅವಳು ಮೆಟ್ಟಿಲ ಬಳಿ ತಡೆದಳು.

“ಒಂದು ಕೇಳ್ತೀನಿ, ಇಲ್ಲ ಅನ್ಬೇಡ ಕಣೆ. ನಾನೇ ಬಚ್ಚಿಟ್ಟ ದೋಷಾನ ನಾನೇ ಹುಡುಕಿದ್ರೆ ಅದೇನು ಅಭ್ಯಾಸ? ಎರಡು ಸಲಾನೂ ಹಾಗೇ ಕೆಟ್ಟೆ. ದಿನಾ ಒಂದು ದೋಷ ಇಟ್ಟು ಕೊಡ್ತೀಯಾ?”

ಕಿರಿಯವಳು ಅವಳ ಮುಖವನ್ನೇ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ.

“ಆಗಲ್ಲಕ್ಕ. ನೀನು ನಂಗಿಟ್ಟಂಥ ದೋಷ ಇಡೋಕೆ ಹೊಟ್ಟೆಕಿಚ್ಚು ಬೇಕು. ನಿನ್ನ ಮೇಲೆ ನಂಗೆ ಅದಿಲ್ಲ.”